ಸಾಂಬಾರು ವಾಸನೆಯ ಝೆನ್

ಕಳೆದ ಚಳಿಗಾಲದಲ್ಲಿ ಪುಣೆಯ ನಗರ್ ರೋಡ್ ಕಡೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿಗಳ ಯಾರ್ಡಲ್ಲಿ ಒಂದು ಬಿಳಿ ಸೆಡಾನಿನೊಳಗೆ ಅರ್ಧ ಮೈ ತೂರಿಸಿಕೊಂಡು ಅದರ ಸೀಟ್ ಬೆಲ್ಟ್ ಎಳೀತಾ ಇದ್ದೆ. ಹಾಕ್ಕೊಳ್ಳೋಕೆ ಎಳೆಯೋ ಹಾಗಲ್ಲ, ಬಾವಿಯಿಂದ ಹಗ್ಗ ಎಳೆದ ಹಾಗೆ, ಇನ್ನು ಬರೋದಿಲ್ಲ ಅನ್ನೋವರೆಗೂ. ಮೊದಲೆಲ್ಲ ಕಪ್ಪಗೆ, ಹೊಸದರ ಹಾಗೆ ಹೊಳೀತಾ ಬಂತು. ಕೊನೆಯ ಎರಡು ಮೊಳ ಬಂದಾಗ ಬಣ್ಣ ಬದಲಾಯ್ತು. ಮಾಸಲು ಕಂದು, ಅಂಚಲ್ಲಿ ಗೆರೆ ಎಳೆದ ಹಾಗೆ ಒಂದು ಕಲೆ, ಬೆರಳಲ್ಲಿ ಉಜ್ಜಿದ್ರೆ ಗೋಪಿಚಂದನದಂಥ ನುಣ್ಣನೆ ಪುಡಿ. ಅಲ್ಲಿವರೆಗೆ ಒಂದೇ ಸಮ ಮಾತಾಡ್ತಾ ಇದ್ದ ಬ್ರೋಕರ್ (ಸಿಂಗಲ್ ಓನರ್, ಡಾಕ್ಟರ್ ಗಾಡಿ, ಬರೀ ಕ್ಲಿನಿಕ್‌ಗೆ ಹೋಗಿ ಬಂದದ್ದು, ಈ ದೇಶದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರೆಲ್ಲ ಒಂದೋ ಡಾಕ್ಟರು, ಇಲ್ಲಾ ಮಿಲಿಟರಿಯವರು) ಸ್ವಲ್ಪ ಹೊತ್ತು ಸುಮ್ಮನಾಗಿ ಆಮೇಲೆ ಕೇಳಿದ, "ಸಾಬ್, ಆಪ್ ಗ್ಯಾರೇಜ್ ಲೈನ್ ಮೇ ಹೋ ಕ್ಯಾ?" ಅಲ್ಲ ಅಂದೆ. "ಫಿರ್ ಕೈಸೇ ಮಾಲೂಮ್?"

ಯೂಟ್ಯೂಬಲ್ಲಿ ನೋಡಿದ್ದು ಅಂದೆ. ಸುಳ್ಳು. ಬೆಲ್ಟಿನ ಕೊನೆ ತುದಿ ನೋಡಬೇಕು ಅಂತ ನಂಗೆ ಗೊತ್ತಾದದ್ದು 2005ರಲ್ಲಿ, ಆಗ ಯೂಟ್ಯೂಬ್ ಅಂದ್ರೆ ಏನಂತಲೇ ಗೊತ್ತಿರಲಿಲ್ಲ. ಗಾಡಿ ನೋಡಿ ಡೊಂಬಿವಲಿಗೆ ವಾಪಸ್ ಬರುವಾಗ ರೈಲಲ್ಲಿ ಪೂರ್ತಿ ಅದೇ ಯೋಚನೆ. ಯಾಕೆ ಸುಳ್ಳು ಹೇಳಿದೆ, ಅದೂ ಒಬ್ಬ ಬ್ರೋಕರ್ ಹತ್ರ?

ಮಾವನ ಗಾಡಿ

2005ರ 26 ಜುಲೈಯ ನೆರೆ ಬಗ್ಗೆ ಮುಂಬೈಯವರಿಗೆ ನಾನು ಹೇಳೋದೇನೂ ಇಲ್ಲ. ಎಲ್ಲರ ಹತ್ರವೂ ತಮ್ಮದೊಂದು ನಡೆದುಬಂದ ಕಥೆ ಉಂಟು, ನನ್ನದೂ ಉಂಟು, ಬಿಡಿ. ಸಾಂತಾಕ್ರೂಜಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಅಂತ ಆಮೇಲೆ ಪೇಪರಲ್ಲಿ ಓದಿದಾಗ ಮಾವ ನಂಬಲೇ ಇಲ್ಲ. ಕಾರ್ಕಳದ ಕಡೆ ಹುಟ್ಟಿ, ಆಗುಂಬೆ ಮೋಡ ಮನೆಯಂಗಳಕ್ಕೆ ಇಳಿಯೋದನ್ನ ನೋಡಿ ಬೆಳೆದ ಮನುಷ್ಯ ಅವರು. "ಮಳೆ ಅಷ್ಟೇ ಅಲ್ಲ ಮಾರಾಯ, ನೀರು ಹೋಗ್ಲಿಕ್ಕೆ ಜಾಗ ಎಲ್ಲುಂಟು ಇಲ್ಲಿ?" ಅಂದಿದ್ರು. ಕಲೀನಾದಲ್ಲಿ ಅವರ ಹೋಟ್ಲು, ಮಿಠಿ ನದಿಗೆ ತುಂಬಾ ದೂರ ಏನಲ್ಲ. ಸಾಯಂಕಾಲದ ಹೊತ್ತಿಗೆ ಹೋಟ್ಲೊಳಗೆ ಸೊಂಟದವರೆಗೆ ನೀರು, ಮರುದಿನದ ಇಡ್ಲಿ ಹಿಟ್ಟಿನ ಪಾತ್ರೆ ದೋಣಿ ಹಾಗೆ ತೇಲ್ತಾ ಇತ್ತು. ಪಕ್ಕದ ಗಲ್ಲಿಯಲ್ಲಿ ನಿಲ್ಸಿದ್ದ ಮಾವನ ಮಾರುತಿ ಝೆನ್ ಸ್ಟೀರಿಂಗ್ ತನಕ ಮುಳುಗಿತ್ತು. 1998ರ ಗಾಡಿ, ನೀಲಿ. ಅವರು ತಗೊಂಡ ಮೊದಲನೇ ಕಾರು. ಊರಿಗೆ ಅದರಲ್ಲೇ ಹೋಗಿ ದೇವಸ್ಥಾನದೆದುರು ನಿಲ್ಸಿ ಪೂಜೆ ಮಾಡಿಸಿದ್ದರು.

ನೀರಿಳಿದ ಮೇಲೆ ಗಾಡಿ ಹತ್ರ ಹೋಗೋದಕ್ಕೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಿತ್ತು. ಮಿಠಿಯ ಕೆಸರು ಅಂದ್ರೆ ಬರೀ ಮಣ್ಣಲ್ಲ. ಚರಂಡಿ, ಡೀಸೆಲ್ಲು, ಆ ಕಡೆಯ ತಬೇಲಾಗಳಲ್ಲಿ ಕಟ್ಟಿದಲ್ಲೇ ಸತ್ತ ಎಮ್ಮೆಗಳು, ಎಲ್ಲ ಸೇರಿದ್ದು. ಮಾವ ಕೀ ತಿರುಗಿಸೋಕೆ ಹೊರಟಾಗ ಗ್ಯಾರೇಜಿನ ಉಸ್ತಾದ್ ದೂರದಿಂದಲೇ ಕೂಗಿ ನಿಲ್ಲಿಸಿದ. ಅದೇ ಗಲ್ಲಿಯಲ್ಲಿ ಇನ್ನೊಬ್ಬರು ತಮ್ಮ ಹೊಸ ಗಾಡಿಗೆ ಕೀ ಕೊಟ್ಟಾಗಿತ್ತು, ಒಂದು ಸಲ ಟಕ್ ಅಂದಿತು, ಅಷ್ಟೇ. ಇಂಜಿನ್ ಒಳಗೆ ನೀರು ಹೋಗಿದ್ದಾಗ ಸ್ಟಾರ್ಟ್ ಮಾಡಿದ್ರೆ ಪಿಸ್ಟನ್ ಗಾಳಿಯನ್ನ ಒತ್ತೋ ಹಾಗೆ ನೀರನ್ನ ಒತ್ತೋಕೆ ಹೋಗುತ್ತೆ, ನೀರು ಕುಗ್ಗೋದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ನಮ್ಮದು ಬಚಾವ್. ಪ್ಲಗ್ ಬಿಚ್ಚಿ ನೀರು ಹೊರಗೆ ಹಾರಿಸಿದ್ರು. ಆಯಿಲ್ ಇಳಿಸಿದಾಗ ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಮಾವ ನೋಡಿ "ನಮ್ಮ ಹೋಟ್ಲಿನ ಚಹಾವೂ ಇಷ್ಟು ಗಟ್ಟಿ ಇರೋದಿಲ್ಲ" ಅಂದ್ರು, ಆ ಸ್ಥಿತಿಯಲ್ಲೂ. ಮೂರು ಸಲ ಆಯಿಲ್ ಹಾಕಿ ತೆಗೆದ ಮೇಲೆ ಇಂಜಿನ್ ಹೊಗೆ ಉಗುಳ್ತಾ ಉಗುಳ್ತಾ ಎದ್ದಿತು. ಕಾರ್ಬ್ಯುರೇಟರ್ ಗಾಡಿ, ಒಳಗೆ ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲ, ಅದಕ್ಕೇ ಎದ್ದದ್ದು.

ಉಳಿದ ಕೆಲಸ ನಮ್ಮದು. ನಂಗೆ ಆಗ ಹತ್ತೊಂಬತ್ತು, ಕಾಲೇಜಿಗೆ ರಜೆ, ಹೋಟ್ಲಿನ ಹುಡುಗರಿಗೂ ಕೆಲಸ ಇಲ್ಲ. ಸೀಟು ಬಿಚ್ಚಿದ್ವಿ, ಕಾರ್ಪೆಟ್ ಕಿತ್ತೆವು, ಡೋರಿನ ಒಳಪಟ್ಟಿ ತೆಗೆದ್ವಿ. ನನಗೆ ಒಂದು ಹಳೆ ಟೂತ್‌ಬ್ರಶ್ಶು, ಒಂದು ಡಬ್ಬ ಸೀಮೆಎಣ್ಣೆ ಕೊಟ್ಟು ಕೂರಿಸಿದ್ರು. ಒಂದು ವಾರ ಪೂರ್ತಿ ಆ ಗಾಡಿಯ ಸಂದಿಗೊಂದಿಗಳಲ್ಲಿ ಕೆಸರು ಕೆರೆದಿದ್ದೇನೆ. ಸೀಟಿನ ಹಳಿ, ಅದರ ಬೋಲ್ಟು, ಹ್ಯಾಂಡ್‌ಬ್ರೇಕಿನ ಬುಡ, ಫ್ಯೂಸ್ ಬಾಕ್ಸಿನ ಹಿಂಬದಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಜ್ಯಾಕ್ ಇಡುವ ಜಾಗ. ಕೆರೆದಷ್ಟೂ ಬರೋದು. ಇವತ್ತು ಯಾವ ಗಾಡಿಯ ಬಾಗಿಲು ತೆಗೆದ್ರೂ ಕೈ ತಾನಾಗಿ ಈ ಜಾಗಗಳಿಗೇ ಹೋಗುತ್ತೆ.

ಒಣಗಿಸೋದೇ ದೊಡ್ಡ ಪಾಡು. ಆಗಸ್ಟಲ್ಲಿ ಮುಂಬೈಯಲ್ಲಿ ಬಿಸಿಲೆಲ್ಲಿ? ಮಾವನಿಗೆ ಒಂದು ಐಡಿಯಾ ಬಂತು. ಹೋಟ್ಲು ಶುರುವಾಗಿತ್ತು, ಅಡುಗೆಮನೆಯ ಭಟ್ಟಿ ಮೇಲೆ ಒಂದು ಅಟ್ಟ ಇತ್ತು, ಸೀಟು ಕಾರ್ಪೆಟ್ಟು ಎಲ್ಲ ಅಲ್ಲಿಗೆ ಏರಿಸಿದ್ರು. ಹತ್ತು ಹದಿನೈದು ದಿನ ಕೆಳಗೆ ಸಾಂಬಾರು ಕುದೀತಾ ಇತ್ತು, ಮೇಲೆ ಝೆನ್ ಒಣಗ್ತಾ ಇತ್ತು. ಗಾಡಿ ತಿರುಗಿ ಜೋಡಿಸಿದಾಗ ಕೆಸರಿನ ವಾಸನೆ ಮುಕ್ಕಾಲು ಹೋಗಿತ್ತು, ಅದರ ಜಾಗದಲ್ಲಿ ಇಂಗು, ಕೊತ್ತಂಬರಿ, ಬೇಳೆ. ಕೂತ್ರೆ ಹಸಿವಾಗೋದು, ದೇವರಾಣೆ.

ದಸರಾಕ್ಕೆ ಮುಂಚಿನ ಭಾನುವಾರ

ಮಾವನಿಗೆ ಆ ಗಾಡಿ ಮೇಲೆ ಮನಸ್ಸು ಮುರಿದಿತ್ತು. ಹೋಟ್ಲಿನ ಫ್ರಿಜ್ಜು, ಗ್ರೈಂಡರು, ಸಾಮಾನು ಎಲ್ಲ ಹೋಗಿ ಸಾಲ ಬೇರೆ ಆಗಿತ್ತು, ಗಾಡಿಗೆ ಇದ್ದದ್ದು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸು, ಅದರಿಂದ ಒಂದು ಪೈಸೆ ಬರುವ ಹಾಗಿರಲಿಲ್ಲ. ಒಬ್ಬ ಏಜೆಂಟ್ ಗಿರಾಕಿ ಹಿಡ್ಕೊಂಡು ಬಂದ. ನಾಸಿಕ್ ಕಡೆಯವರು, ಶಾಲೆ ಮೇಷ್ಟ್ರಿರಬೇಕು, ಬಿಳಿ ಶರ್ಟು ಇಸ್ತ್ರಿ ಮಾಡಿ ಹಾಕಿದ್ರು, ಜೊತೆಗೆ ಹೆಂಡತಿ, ಆರೇಳು ವರ್ಷದ ಮಗಳು. ದಸರಾ ದಿನ ಮನೆಯಲ್ಲಿ ಗಾಡಿ ಪೂಜೆ ಆಗಬೇಕು ಅಂತ ಅವರ ಆಸೆ. ಅಷ್ಟು ದೂರದಿಂದ ಬಂದವರು, ಅವರ ಕಡೆಯ ಮಾರುಕಟ್ಟೆಯಲ್ಲಿ ಇದಕ್ಕಿಂತ ರೇಟು ಜಾಸ್ತಿ ಅಂತ ಯಾರೋ ಹೇಳಿದ್ರಂತೆ. ಮುಂಬೈಯಲ್ಲಿ ಆ ತಿಂಗಳುಗಳಲ್ಲಿ ರೇಟು ಯಾಕೆ ಕಮ್ಮಿ ಅಂತ ಯಾರೂ ಹೇಳಿರಲಿಲ್ಲ ಅನ್ಸುತ್ತೆ.

ಮಗು ಹಿಂದಿನ ಸೀಟಲ್ಲಿ ಕೂತ ತಕ್ಷಣ ಮೂಗು ಮುಚ್ಕೊಂಡು "ಬಾಬಾ, ಕಸಲಾ ತರೀ ವಾಸ ಯೇತೋಯ್" ಅಂತು. ಎಂಥದೋ ವಾಸನೆ ಬರ್ತಿದೆ ಅಂತ. ನನ್ನ ಎದೆ ಡವ ಡವ. ಮಾವ ನಗ್ತಾ, "ಹೋಟೆಲ್‌ವಾಲ್ಯಾಚೀ ಗಾಡಿ ಆಹೇ ಬೇಟಾ, ಸಾಂಬಾರ್ ಚಾ ವಾಸ" ಅಂದ್ರು. ಮೇಷ್ಟ್ರು ಬಗ್ಗಿ ಮೂಸಿ ನೋಡಿದ್ರು, ಹೌದು, ಸಾಂಬಾರೇ. ಎಲ್ರೂ ನಕ್ಕರು, ಮೇಷ್ಟ್ರ ಹೆಂಡ್ತಿ ಜಾಸ್ತಿ ನಕ್ಕದ್ದು. ಮಾವ ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ನೋಡಿ. ನೀರಿನ ವಿಷಯ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅವರಿಗೆ ಮೂರು ಪ್ಲೇಟ್ ಇಡ್ಲಿ ವಡೆ ಕೊಟ್ಟು ದುಡ್ಡು ತಗೊಳ್ಳಲಿಲ್ಲ ಮಾವ.

ಕಾಗದ ಎಲ್ಲ ಆಗಿ, ದುಡ್ಡು ಕೊಟ್ಟು ಹೊರಟ್ರು. ಮಾವ ಗಲ್ಲಾದಲ್ಲಿ ಕೂತು ನೋಟು ಎಣಿಸ್ತಾ ಇದ್ರು, ನಾನು ಗಾಡಿ ಹತ್ರ ಕೀ ಕೊಡೋಕೆ ನಿಂತಿದ್ದೆ. ಆಗ ಬೆಲ್ಟ್ ಹಾಕುವವರೇ ಕಮ್ಮಿ, ಮೇಷ್ಟ್ರು ಶಿಸ್ತಿನ ಮನುಷ್ಯ, ಎಳೆದು ಹಾಕ್ಕೊಂಡ್ರು. ಸ್ವಲ್ಪ ದಪ್ಪ ಹೊಟ್ಟೆ, ಬೆಲ್ಟ್ ಉದ್ದ ಬೇಕಾಯ್ತು. ಸೀಟು ಸರಿ ಮಾಡ್ಕೊಳ್ಳೋಕೆ ಅಂತ ಒಂದು ಸಲ ತೆಗೆದಾಗ ಬಿಳಿ ಶರ್ಟಿನ ಮೇಲೆ ಭುಜದಿಂದ ಸೊಂಟಕ್ಕೆ ಜನಿವಾರದ ಹಾಗೆ ಒಂದು ಕಂದು ಪಟ್ಟೆ. ಬೆಲ್ಟಿನ ಸುರುಳಿ ಇರೋದು ಕಂಬದ ಬುಡದಲ್ಲಿ, ಅದರೊಳಗೆ ಟೂತ್‌ಬ್ರಶ್ ಹೋಗೋದಿಲ್ಲ, ನಮಗೆ ಯಾರಿಗೂ ಅದನ್ನ ಎಳೆದು ತೊಳೀಬೇಕು ಅಂತ ಹೊಳೆದಿರಲೇ ಇಲ್ಲ. ಅವರು ಕೈಯಲ್ಲಿ ಕೊಡವಿಕೊಂಡ್ರು. "ಧೂಳು. ಗಾಡಿ ತುಂಬಾ ದಿನ ನಿಂತೇ ಇತ್ತೇನೋ" ಅಂತ ಮರಾಠಿಯಲ್ಲಿ ನನ್ನ ಹತ್ರ ಹೇಳಿದ್ರು. ನಾನು ಹೌದು ಅಂದೆ.

ಹೌದು ಅಂದದ್ದು ನಾನು. ಮಾವ ಅಲ್ಲ.

ಆರ್‌ಸಿಯಲ್ಲಿ ಕೆಸರು ಹತ್ತೋದಿಲ್ಲ

ಈಗ ಸ್ವಲ್ಪ ಗಾಡಿ ಹುಡುಕೋರಿಗೆ ಕೆಲಸಕ್ಕೆ ಬರುವ ಮಾತು. ಮುಳುಗಿದ ಗಾಡಿ ಎಲ್ಲಿಗೆ ಹೋಗುತ್ತೆ ಅಂತ ನಾನು ಈ ಸಲ ತಿಂಗಳುಗಟ್ಟಲೆ ಕೇಳಿ ತಿಳ್ಕೊಂಡೆ. ಫುಲ್ ಇನ್ಶೂರೆನ್ಸ್ ಇದ್ದು, ರಿಪೇರಿ ಖರ್ಚು ಗಾಡಿಯ ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಮುಕ್ಕಾಲು ಪಾಲು, ಅಂದ್ರೆ 75 ಪರ್ಸೆಂಟ್ ದಾಟಿದ್ರೆ ಕಂಪನಿ ಅದನ್ನ ಟೋಟಲ್ ಲಾಸ್ ಅಂತ ಬರೀತದೆ, ಓನರಿಗೆ ದುಡ್ಡು ಕೊಡ್ತದೆ, ಉಳಿದ ಗಾಡಿ ಸಾಲ್ವೇಜ್ ಅಂತ ಹರಾಜಿಗೆ ಹೋಗ್ತದೆ. ಕಾಯ್ದೆ ಪ್ರಕಾರ ಗಾಡಿ ಉಪಯೋಗಕ್ಕೆ ಬಾರದ ಹಾಗಾದ್ರೆ ಓನರು 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸ್ಬೇಕು. ಆದ್ರೆ ಹರಾಜಲ್ಲಿ ತಗೊಂಡವನ ಕೈಗೆ ಆರ್‌ಸಿ, ಅಂದ್ರೆ ರಿಜಿಸ್ಟ್ರೇಷನ್ ಕಾಗದ, ಜೀವಂತ ಸಿಕ್ಕಿದ್ರೆ ಅವನು ಬಿಡಿಭಾಗಕ್ಕೆ ಯಾಕೆ ಮಾರ್ತಾನೆ, ತೊಳೆದು ಒಣಗಿಸಿ ಇನ್ನೂರು ಕಿಲೋಮೀಟರ್ ದೂರದ ಊರಲ್ಲಿ ನಿಲ್ಲಿಸ್ತಾನೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮುಳುಗಿದ ಗಾಡಿಯ ಕಾಗದದ ಮೇಲೇ ಅದು ಮುಳುಗಿದ್ದು ಅಂತ ಮುದ್ರೆ ಒತ್ತುತ್ತಾರೆ. ನಮ್ಮ ಆರ್‌ಸಿಯಲ್ಲಿ ಬಣ್ಣ ಉಂಟು, ಸಿಲಿಂಡರ್ ಎಷ್ಟು ಅಂತ ಉಂಟು, ಸಾಲ ಯಾರದ್ದು ಅಂತ ಉಂಟು, ಮುಳುಗಿತ್ತಾ ಅನ್ನೋದಕ್ಕೆ ಕಾಲಂ ಇಲ್ಲ.

ಕಾಗದದಲ್ಲಿ ಸುಳಿವು ಸಿಗೋದು ಎರಡೇ ಕಡೆ. ಒಂದು ಹಳೆ ಇನ್ಶೂರೆನ್ಸ್ ಪಾಲಿಸಿ. ಕ್ಲೇಮ್ ಮಾಡದೇ ಇದ್ರೆ ಪ್ರತಿ ವರ್ಷ ನೋ ಕ್ಲೇಮ್ ಬೋನಸ್ ಏರ್ತಾ ಹೋಗುತ್ತೆ, 20, 25, 35, 45, ಆಮೇಲೆ 50 ಪರ್ಸೆಂಟ್. ಕ್ಲೇಮ್ ಮಾಡಿದ್ರೆ ಸೊನ್ನೆಗೆ ಬೀಳುತ್ತೆ. ಆರು ವರ್ಷ ಒಬ್ಬರೇ ಓಡಿಸಿದ ಗಾಡಿಯ ಪಾಲಿಸಿಯಲ್ಲಿ ಬೋನಸ್ 20 ಅಂತ ಇದ್ರೆ ಎರಡು ವರ್ಷದ ಕೆಳಗೆ ಏನೋ ಆಗಿದೆ, ಆ ವರ್ಷ ಆ ಊರಲ್ಲಿ ಏನಾಗಿತ್ತು ಅಂತ ನೀವೇ ಯೋಚನೆ ಮಾಡಿ. ಬರೀ ಬಂಪರ್ ಬದಲಾಯಿಸಿದ್ದೂ ಇರಬಹುದು, ಅದಕ್ಕೇ ಎರಡನೇದು, ಕಂಪನಿ ಸರ್ವೀಸ್ ಸೆಂಟರಿನ ಹಿಸ್ಟರಿ. ಅದರಲ್ಲಿ ಮಳೆಗಾಲದ ತಿಂಗಳು ಟೋ ಮಾಡಿ ತಂದದ್ದು, ವೈರಿಂಗ್, ಕಾರ್ಪೆಟ್ ಅಂತ ಬಿಲ್ ಕಂಡ್ರೆ ಅಲ್ಲಿಗೆ ಮುಗೀತು. ಹಿಸ್ಟರಿ ಪಟಾರ್ ಅಂತ ಒಂದು ಕಡೆ ನಿಂತುಹೋದ್ರೂ ಅನುಮಾನ ಪಡಬೇಕು. ಆದ್ರೂ ಇದೆಲ್ಲ ಕ್ಲೇಮ್ ಮಾಡಿದವರ ಲೆಕ್ಕ. ಥರ್ಡ್ ಪಾರ್ಟಿ ಮಾತ್ರ ಇದ್ದು, ಮನೆಯಲ್ಲೇ ತೊಳೆದು, ಗಲ್ಲಿ ಗ್ಯಾರೇಜಲ್ಲಿ ಎಬ್ಬಿಸಿದವರದ್ದು ಎಲ್ಲೂ ಬರೆದಿರೋದಿಲ್ಲ. ಕಾಗದದ ಪ್ರಕಾರ ಮಾವನ ಝೆನ್ ಯಾವತ್ತೂ ಮುಳುಗಲೇ ಇಲ್ಲ.

(ಇನ್ನೊಂದು, ಸಂಬಂಧ ಇಲ್ಲದ್ದು: ನಿಮ್ಮದೇ ಗಾಡಿ ಮುಳುಗಿದ್ರೆ ದಯವಿಟ್ಟು ಕೀ ತಿರುಗಿಸಬೇಡಿ. ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ತಗೊಂಡಿರದಿದ್ರೆ, ನೀರಲ್ಲಿ ಸ್ಟಾರ್ಟ್ ಮಾಡಿ ಹಾಳಾದ ಇಂಜಿನಿಗೆ ಸಾಮಾನ್ಯವಾಗಿ ದುಡ್ಡು ಕೊಡೋದಿಲ್ಲ.)

ಬಿಳಿ ಸೆಡಾನು, ಕೆಂಪು ಸ್ವಿಫ್ಟು

ವಾಪಸ್ ಆ ಯಾರ್ಡಿಗೆ. ಬೆಲ್ಟ್ ನೋಡಿದ ಮೇಲೂ ನಂಗೆ ಒಂದು ಆಸೆ ಉಳಿದಿತ್ತು, ಕಾಫಿ ಗೀಫಿ ಚೆಲ್ಲಿರಬಹುದು ಅಂತ. ಗಾಡಿ ಎಂಎಚ್ 14, ಅಂದ್ರೆ ಪಿಂಪ್ರಿ ಚಿಂಚ್‌ವಡ್ ಪಾಸಿಂಗ್ (ರಿಜಿಸ್ಟ್ರೇಷನ್), ಕಿಲೋಮೀಟರ್ ಕಮ್ಮಿ, ರೇಟು ಚೆನ್ನಾಗಿತ್ತು. ಮನುಷ್ಯನಿಗೆ ಬೇಕು ಅನ್ಸಿದ್ಮೇಲೆ ಕಣ್ಣಿಗೆ ಕಂಡದ್ದಕ್ಕೂ ವಕೀಲಿಕೆ ಮಾಡ್ತಾನೆ. ಜೊತೆಗೆ ಕರ್ಕೊಂಡು ಹೋಗಿದ್ದ ಮೆಕ್ಯಾನಿಕ್ ಕಲಬುರ್ಗಿ ಕಡೆಯವರು, ಪುಣೆಯಲ್ಲಿ ಹದಿನೈದು ವರ್ಷದಿಂದ ಇದ್ದಾರೆ, ಅವರಿಗೆ ಆಸೆ ಗೀಸೆ ಏನೂ ಇರಲಿಲ್ಲ. ಕಿಟಕಿ ಎಲ್ಲ ಮುಚ್ಚಿಸಿ ಹೀಟರ್ ಫುಲ್ ಇಟ್ಟು ನನ್ನನ್ನ ಒಳಗೇ ಕೂರಿಸಿದ್ರು. ಮೊದಲು ಲಿಂಬೆ ಸ್ಪ್ರೇ ವಾಸನೆ, ಐದು ನಿಮಿಷಕ್ಕೆ ಅದರಡಿಯಿಂದ ಹಸಿ ಗೋಣಿಚೀಲದ ವಾಸನೆ ಮೆಲ್ಲಗೆ ಎದ್ದಿತು. ಇಪ್ಪತ್ತು ವರ್ಷದ ಮೇಲೆ ಅದೇ ವಾಸನೆ, ಸಾಂಬಾರು ಮಾತ್ರ ಇಲ್ಲ.

ಆಮೇಲೆ ಒಂದೊಂದೇ ತೋರಿಸಿದ್ರು. ಸೀಟಿನ ಬೋಲ್ಟಿನ ಮೂಲೆಗಳು ಸ್ಪ್ಯಾನರ್ ತಿಂದು ಸವೆದಿದ್ವು, ಐದಾರು ವರ್ಷದ ಗಾಡಿಯ ಸೀಟು ಬಿಚ್ಚುವ ಕೆಲಸ ಯಾರಿಗಿತ್ತು? ಒಂದು ಹೆಡ್‌ಲೈಟ್ ಹೊಸದು, ಇನ್ನೊಂದರೊಳಗೆ ತೆಳ್ಳಗೆ ಒಂದು ಅಡ್ಡಗೆರೆ. ಡ್ಯಾಶ್‌ಬೋರ್ಡಿನಡಿ ಟಾರ್ಚ್ ಬಿಟ್ಟು ವೈರಿನ ಕನೆಕ್ಟರ್ ಒಂದನ್ನ ಬಿಡಿಸಿದ್ರು, ತಾಮ್ರದ ಪಿನ್ನಿಗೆ ಹಸಿರು ಹಿಡಿದಿತ್ತು, ಹುಳಿ ಹಾಕಿಟ್ಟ ತಾಮ್ರದ ಚೊಂಬಿನ ಹಾಗೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಒಂದು ಸಲ ಹತ್ತಿ ಆರಬೇಕು, ಇಲ್ಲಿ ಹತ್ತಲೇ ಇಲ್ಲ. ದೀಪ ಹತ್ತಿಲ್ಲ ಅಂದ್ರೆ ಒಳ್ಳೇದಲ್ವಾ ಅಂತ ನಾನು ಪೆದ್ದನ ಹಾಗೆ ಕೇಳಿದೆ. "ಹತ್ತಿ ಆರಿದ್ರ ಛೊಲೊ ಅದ ಅಂತ ಅರ್ಥ ರೀ ಸರ. ಹತ್ತಲೇ ಇಲ್ಲಂದ್ರ ಯಾರೋ ಅದರ ಬಾಯಿ ಮುಚ್ಚ್ಯಾರ." ಸ್ಕ್ಯಾನರ್ ಹಾಕಿದ್ರೆ ಒಂದೂ ಎರರ್ ಕೋಡ್ ಇಲ್ಲ, ಆದ್ರೆ ಗಾಡಿಯ ಸ್ವಂತ ಚೆಕ್‌ಗಳು ಯಾವುದೂ ಪೂರ್ತಿ ಆಗಿಲ್ಲ ಅಂತ ತೋರಿಸ್ತಾ ಇತ್ತು. ಅಂದ್ರೆ ಮೊನ್ನೆ ಮೊನ್ನೆ ಎಲ್ಲ ಅಳಿಸಿದ್ದಾರೆ. "ನೀರಾಗ ಹೋಗಿ ಬಂದದ ನೋಡ್ರಿ ಇದು. ಈಗ ಓಡ್ತದ. ಆರು ತಿಂಗಳಿಗೆ ಒಂದೊಂದೇ ಶುರು ಆಗ್ತದ, ಕಿಟಕಿ ನಿಲ್ತದ, ಮೀಟರ್ ನಿಲ್ತದ, ಎಲ್ಲಿ ಅಂತ ಯಾರಿಗೂ ಸಿಗಂಗಿಲ್ಲ. ಬ್ಯಾಡ್ರಿ."

ನಾನು ಮುಂಬೈ ಬುದ್ಧಿ ತೋರಿಸಿ, ಗಾಡಿಯಡಿ ತುಕ್ಕೇ ಇಲ್ವಲ್ಲ ಅಂದೆ. ಅದಕ್ಕೆ ಅವರು ಹೇಳಿದ್ದು ನಂಗೆ ಭಾರಿ ಇಷ್ಟ ಆಯ್ತು. ನಿಮ್ಮ ಮುಂಬೈ ಗೋವಾ ಗಾಡಿಗಳಿಗೆ ಸಮುದ್ರದ ಗಾಳಿಗೇ ಕೆಳಗೆ ತುಕ್ಕು ಹಿಡೀತದೆ, ಅದು ನೆಗಡಿ ಇದ್ದ ಹಾಗೆ. "ಹೊರಗಿನ ತುಕ್ಕಿಗಿ ಹೆದರಬ್ಯಾಡ್ರಿ, ಒಳಗ ಸೀಟಿನ ಬುಡಕ್ಕ ತುಕ್ಕು ಇದ್ರ ಹೆದರ್ರಿ. ಮಳಿ ಗಾಡಿ ಒಳಗ ಬರಂಗಿಲ್ಲಲ್ರಿ." 2024ರ ಜುಲೈಯಲ್ಲಿ ಖಡಕ್‌ವಾಸ್ಲಾ ಡ್ಯಾಮಿಂದ ಮುಠಾ ನದಿಗೆ ನೀರು ಬಿಟ್ಟು ಸಿಂಹಗಡ್ ರೋಡಿನ ಏಕತಾ ನಗರಿಯ ಸೊಸೈಟಿಗಳಲ್ಲಿ ಪಾರ್ಕಿಂಗ್ ಪೂರ್ತಿ ಮುಳುಗಿತ್ತಲ್ಲ, ಆಮೇಲೆ ಬಂದ ಗಾಡಿಗಳನ್ನ ಅವರು ಬಹಳ ನೋಡಿದ್ದಾರಂತೆ. ಈ ಬಿಳಿ ಗಾಡಿ ಅಲ್ಲಿಯದೇ ಅಂತ ನಾನು ಹೇಳಲಾರೆ. ಬ್ರೋಕರ್ ಮಾತ್ರ ಕೊನೆವರೆಗೂ "ಡಾಕ್ಟರ್ ಗಾಡಿ" ಅಂತಲೇ ಇದ್ದ.

ತಗೊಂಡದ್ದು ಕೆಂಪು ಸ್ವಿಫ್ಟು, 2018ರದ್ದು, ಎಂಎಚ್ 10, ಅಂದ್ರೆ ಸಾಂಗ್ಲಿ ಪಾಸಿಂಗ್. ನಂಬರ್ ಪ್ಲೇಟ್ ನೋಡಿಯೇ ಮೊದಲು ಬೇಡ ಅಂದಿದ್ದೆ. 2019ರ ಆಗಸ್ಟಲ್ಲಿ ಐರ್ವಿನ್ ಬ್ರಿಜ್ ಹತ್ರ ಕೃಷ್ಣೆ 57 ಅಡಿ ದಾಟಿತ್ತು, ಅಪಾಯದ ಗುರುತೇ 45, ಅರ್ಧ ಸಾಂಗ್ಲಿ ನೀರಲ್ಲಿತ್ತು, ಕೊಲ್ಹಾಪುರದ ಹತ್ರ ಹೈವೇ ಮುಚ್ಚಿ ನಮ್ಮ ಊರಿನ ಬಸ್ಸುಗಳೆಲ್ಲ ದಿನಗಟ್ಟಲೆ ನಿಂತಿದ್ವು. ಆದ್ರೂ ಮಾರುವವರ ಹತ್ರ ಫೋನಲ್ಲಿ ಮಾತಾಡಿದೆ, ಹೆಸರು ಮರಾಠಿ, ಮಾತು ನೋಡಿದ್ರೆ ಅಪ್ಪಟ ಕನ್ನಡ, ಮಿರಜ್ ಕಡೆಯವರು. ಸುತ್ತು ಬಳಸಿ ಕೇಳೋದಕ್ಕೆ ಹೋಗಲಿಲ್ಲ. ಗಾಡಿಗೆ ನೀರು ಬಂದಿತ್ತಾ ಅಂತ ಸೀದಾ ಕೇಳಿದೆ. ಅವರೂ ಅಷ್ಟೇ ಸೀದಾ, "ನಮ್ಮಣ್ಣನ ಮನಿಗೆ ಬಂದಿತ್ರಿ, ಅವನ ಬುಲೆಟ್ ಹೋತು, ಟಿವಿ ಹೋತು. ಈ ಗಾಡಿ ಹಿಂದಿನ ದಿನಾನ ಮಿರಜಿಗೆ ತಂದು ನಿಲ್ಸಿದ್ವಿ. ಬಂದು ನೋಡ್ರಿ, ಬಿಚ್ಚಿ ನೋಡ್ರಿ." ಹೋಗಿ ಬಿಚ್ಚಿ ನೋಡಿದ್ವಿ. ಸ್ಟೆಪ್ನಿ ಗುಂಡಿಯಲ್ಲಿ ಒಂದು ಮಗುವಿನ ಚಪ್ಪಲಿ, ಶೇಂಗಾ ಸಿಪ್ಪೆ, ಒಣ ಧೂಳು. ಸರ್ವೀಸ್ ಹಿಸ್ಟರಿಯಲ್ಲಿ ಆ ಸೆಪ್ಟೆಂಬರಲ್ಲಿ ಮಾಮೂಲಿ ಆಯಿಲ್ ಚೇಂಜು, ಬೋನಸ್ ಮೆಟ್ಟಿಲು ತಪ್ಪದೆ 50ಕ್ಕೆ ಏರಿತ್ತು. ಬೆಲ್ಟು ತುದಿವರೆಗೂ ಕಪ್ಪು. ಡ್ರೈವರ್ ಬಾಗಿಲಿಗೆ ಒಂದು ಗೀರು ಉಂಟು, ಅದನ್ನ ಅವರೇ ಮೊದಲು ತೋರಿಸಿದ್ರು.

ಮಾವ ಹೋಟ್ಲು ಕೊಟ್ಟು ಊರಿಗೆ ಹೋಗಿ ಎಂಟು ವರ್ಷ ಆಯ್ತು. ಗಾಡಿ ತಗೊಂಡೆ ಅಂತ ಹೇಳೋಕೆ ಫೋನ್ ಮಾಡಿದ್ದೆ. ತುಳುವಿನಲ್ಲಿ ನಡೆದ ಮಾತು, ಇಲ್ಲಿ ಕನ್ನಡದಲ್ಲಿ ಹಾಕ್ತೇನೆ. ನಲವತ್ತು ವರ್ಷ ಮುಂಬೈಯಲ್ಲಿ ಇದ್ದವರು, "ಎಲ್ಲಿಯ ಪಾಸಿಂಗ್?" ಅಂತಲೇ ಮೊದಲು ಕೇಳಿದ್ದು. ಸಾಂಗ್ಲಿ ಅಂದೆ.

"ಸಾಂಗ್ಲಿಯಾ? ಅಲ್ಲಿ ನೀರು ಬಂದಿತ್ತಲ್ಲ ಮಾರಾಯ."

"ನೋಡಿಯೇ ತಗೊಂಡದ್ದು ಮಾವ."

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಹಿಂದೆ ಟಿವಿಯಲ್ಲಿ ಯಕ್ಷಗಾನದ ಚೆಂಡೆ ಕೇಳ್ತಾ ಇತ್ತು, ಅತ್ತೆ ಯಾರನ್ನೋ ಕರೀತಾ ಇದ್ರು.

"ಬೆಲ್ಟ್ ಪೂರ್ತಿ ಎಳೆದು ನೋಡಿದ್ಯಾ?" ಅಂದ್ರು.

ಬೆಲ್ಟಿನ ವಿಷಯ ನಾನು ಇಷ್ಟು ವರ್ಷದಲ್ಲಿ ಅವರ ಹತ್ರ ಒಂದು ಸಲವೂ ಎತ್ತಿದ್ದಿಲ್ಲ.

"ನೋಡಿದೆ ಮಾವ" ಅಂದೆ.